ಪಾತ್ರೆ ತೊಳೆದ ಪ್ರತಿನಿಧಿ

ಚುನಾವಣೆಗೆ ಒಂದೇ ದಿನ ಉಳಿದಿರುವಾಗ ಹೋಬಾರ್ಟ್ ಟ್ರಿಂಬಲ್ ಪಾತ್ರೆ ತೊಳೆಯಬಾರದಿತ್ತು.

ಅಮೆರಿಕದ ಜಾರ್ಜಿಯಾದ ಒಂದು ಸಣ್ಣ ಊರಿನಿಂದ ಹದಿನಾಲ್ಕು ವರ್ಷ ವಾಷಿಂಗ್ಟನ್ನಿನ ಸಂಸತ್ತಿಗೆ ಆರಿಸಿಹೋದವರು. ಹೋದ ವರ್ಷ ಕಪ್ಪುಜನರಿಗೂ ಮತದ ಹಕ್ಕು ಸಿಗಲೆಂದು ಸದನದಲ್ಲಿ ‘ಹೌದು’ ಎಂದದ್ದೇ ತಡ, ಬಿಳಿಯರಲ್ಲಿ ಅರ್ಧಕ್ಕರ್ಧ ಮುಖ ತಿರುಗಿಸಿದ್ದರು. ಆದರೂ ಕಳೆದ ವಾರ ಅತ್ತೆ ತೀರಿಕೊಂಡಾಗ ಹತ್ತೊಂಬತ್ತು ಮನೆಗಳಿಂದ ಊಟ ಬಂತು. ಸಾವಿನ ಮನೆಗೆ ಅಡುಗೆ ಕಳಿಸುವುದಕ್ಕೆ ಅಲ್ಲಿ ಪಕ್ಷವಿಲ್ಲ. ಪಾತ್ರೆಯ ತಳದಲ್ಲಿ ಹೆಸರಿನ ಅಂಟುಪಟ್ಟಿ ಇರುತ್ತದೆ. ತೊಳೆದು, ಕೈಯಾರೆ ಹಿಂದಿರುಗಿಸಬೇಕು.

“ನೀನು ಸುಸ್ತಾಗಿದೀಯ, ನಾನೇ ತೊಳೀತೀನಿ” ಎಂದು ಹೆಂಡತಿ ವರ್ಡಿಯನ್ನು ಕೂರಿಸಿ, ಸಮಾನತೆಯ ಹುರುಪಿನಲ್ಲಿ ಹತ್ತೊಂಬತ್ತನ್ನೂ ಬಿಸಿನೀರಿನಲ್ಲಿ ಮುಳುಗಿಸಿದರು. ಹತ್ತೊಂಬತ್ತು ಪಟ್ಟಿಗಳೂ ಸತ್ತ ಮೀನಿನಂತೆ ತೇಲಿದವು.

“ಯಾರ್ದು ಯಾವ್ದೇ?”

“ನಂಗೇನ್ರೀ ಗೊತ್ತು? ನಾನು ಅಮ್ಮನ ಮುಖ ನೋಡ್ತಿದ್ನಾ, ಪಾತ್ರೆ ತಳ ನೋಡ್ತಿದ್ನಾ?”

ಅಂದಾಜಿನ ಮೇಲೆ ಹೊರಟರು. ಮೊದಲು ನ್ಯಾಯಾಧೀಶರ ವಿಧವೆ, ಊರಿಗೆಲ್ಲ ಈಗಲೂ ‘ಮಿಸ್’ ಯುಲೇಲಿ. ಕೊಟ್ಟ ಪಾತ್ರೆ ಅವರದಲ್ಲ.

“ನಿನ್ನ ಓಟನ್ನ ಕ್ಷಮಿಸಿದ್ದೆ ಕಣೋ ಹೋಬಾರ್ಟ್. ವಾಷಿಂಗ್ಟನ್ ನೀರು ಕುಡಿದ ಗಂಡಸಿಗೆ ತಲೆ ನಿಲ್ಲಲ್ಲ. ಆದ್ರೆ ನಮ್ಮಜ್ಜಿ ಪಾತ್ರೆ ಕಳೆದ್ಯಲ್ಲ!”

ಟ್ರಿಂಬಲ್ಲರ ಕಾರಿಗಿಂತ ಟೆಲಿಫೋನು ಜೋರಾಗಿ ಓಡಿತು. ಮೂರನೆಯ ಮನೆಯಲ್ಲಿ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಚರ್ಚಿನ ಹಿರಿಯ ಕ್ಲೀಟಸ್, ಗಂಟಲು ದಪ್ಪ ಮಾಡಿಕೊಂಡು ಥೇಟ್ ಟ್ರಿಂಬಲ್ಲರಂತೆಯೇ ಅಣಕಿಸಿದ: “ಮಾನ್ಯ ಸಭಾಪತಿಗಳೇ, ಪಾತ್ರೆಗಳಲ್ಲಿ ಮೇಲು ಕೀಳೆಂಬ ಭೇದ ಸಲ್ಲದು! ಯಾರದು ಯಾರಿಗಾದರೇನು!” ಒಳಗಿನಿಂದ ನಗು. ಟ್ರಿಂಬಲ್ಲರ ಅಂಗಿ ಬೆನ್ನಿಗೆ ಅಂಟಿತು. ಹದಿನೆಂಟು ಮನೆ, ಹದಿನೆಂಟು ತಪ್ಪು; ಆದರೂ ಕೊಟ್ಟ ಪಾತ್ರೆಯನ್ನು ಯಾರೂ ವಾಪಸು ಕೊಡಲಿಲ್ಲ.

ಕೊನೆಗೆ ಕಪ್ಪುಜನರ ಬೀದಿಯ ಶಾಲಾ ಶಿಕ್ಷಕಿ, ಮಿಸೆಸ್ ಪೆಟಿಗ್ರೂ. ಉಳಿದ ಆಸೆಯೆಲ್ಲ ಆ ಬೀದಿಯ ಮೇಲೆಯೇ.

“ಬನ್ನಿ ಸರ್. ನಾಳೆ ನಮ್ಮ ಚರ್ಚಿಂದ ನಾನೂರು ಜನ ಮೊದಲ್ನೇ ಸಲ ಓಟು ಹಾಕ್ತೀವಿ. ನಿಮ್ಮ ದಯೆ.”

ಟ್ರಿಂಬಲ್ಲರ ಕಣ್ಣು ತುಂಬಿತು. ಉಳಿದ ಒಂದೇ ಪಾತ್ರೆಯನ್ನು ಚಾಚಿದರು. ಆಕೆ ಅದನ್ನು ತಿರುಗಿಸಿ ತಳ ನೋಡಿದರು, ಮತ್ತೆ ತಿರುಗಿಸಿದರು.

“ನಮ್ಮಮ್ಮನ ಪಾತ್ರೆ ನೀಲಿ ಅಂಚಿಂದು.”

ನೀಲಿ ಅಂಚಿನದು ಕ್ಲೀಟಸನ ಮನೆ ಸೇರಿ ಎರಡು ಗಂಟೆಯಾಗಿತ್ತು.

“ಅಂದ್ರೆ... ನಾಳೆ ನೀವು...”

“ಓಟು ಹಾಕೇ ಹಾಕ್ತೀವಿ, ಚಿಂತೆ ಬಿಡಿ” ಎಂದು ಆಕೆ ಸೌಜನ್ಯದಿಂದಲೇ ಬಾಗಿಲು ಮುಂದೆ ಮಾಡಿದರು. “ಯಾರಿಗೆ ಅಂತ ನಾವೇ ತೀರ್ಮಾನ ಮಾಡ್ಬೋದು ಅಂತ ಕಾನೂನು ಮಾಡಿಸಿದ್ದು ನೀವೇ ಅಲ್ವಾ?”