ಹರಿಯದ ತೋಳು

“ಇಂಟರ್ವಲ್ ಆದ ಮೇಲೇನೇ ಬರೋದು ನನ್ನ ಗೌನು. ಅಲ್ಲೀವರೆಗೂ ನಿದ್ದೆ ಮಾಡ್ಬೇಡ, ಆಯ್ತಾ?” ಎಂದು ದರ್ಜಿ ಮೂರನೆಯ ಸಲ ಕೇಳಿದ.

“ಆಯ್ತು,” ಎಂದಳು ಹೆಂಡತಿ, ಪರದೆ ಇನ್ನೂ ಖಾಲಿಯಿದ್ದರೂ ಅದನ್ನೇ ನೋಡುತ್ತಾ.

ಈ ‘ಆಯ್ತು’ ಅವನಿಗೆ ಇನ್ನೂ ಒಗ್ಗಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈಕೆ ಯಾವ ಮಾತಿಗೂ ಸುಮ್ಮನೆ ಆಯ್ತು ಎಂದವಳಲ್ಲ. ಅವನು ಹೊಲಿದ ಪ್ರತಿಯೊಂದು ಬಟ್ಟೆಯೂ ಗಿರಾಕಿಯ ಮೈ ಸೇರುವ ಮೊದಲು ಈಕೆಯ ಸರ್ವೋಚ್ಚ ನ್ಯಾಯಾಲಯದಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಕಾಲರ್ ನಾಯಿಕಿವಿ ಅನ್ನುವಳು, ಜೇಬು ಗವಿ ಅನ್ನುವಳು, ಕಾಜಾದೊಳಗೆ ಹೆಗ್ಗಣ ಸಂಸಾರ ಮಾಡಬಹುದು ಅನ್ನುವಳು. ಮಗಳು ಇಬ್ಬರ ನಡುವೆ ಕೂತು, ಅಂಚು ಹೊಲಿಯುತ್ತಾ, ಕಿಸಕ್ಕೆಂದು ನಗುವಳು.

ಹದಿನಾಲ್ಕು ತಿಂಗಳ ಹಿಂದೆ, ಒಂದೇ ವಾರದ ಜ್ವರದಲ್ಲಿ, ಮಗಳು ಹೋಗಿಬಿಟ್ಟಳು. ಅಂದಿನಿಂದ ಹೆಂಡತಿಯ ಬಾಯಲ್ಲಿ ಉಳಿದದ್ದು ಮೂರೇ ಮಾತು: ಆಯ್ತು, ಹೂಂ, ಚೆನ್ನಾಗಿದೆ. ಒಂದು ಸಲ ಅವನು ಬೇಕೆಂದೇ ಒಂದು ಅಂಗಿಯ ಎಡತೋಳನ್ನು ಬಲಕ್ಕೆ ಕೂಡಿಸಿ ತೋರಿಸಿದ. ಚೆನ್ನಾಗಿದೆ ಎಂದಳು. (ಗಿರಾಕಿ ಹಾಗೆನ್ನಲಿಲ್ಲ.)

ಬೈಸಿಕೊಳ್ಳಲು ಹೀಗೆ ಹಂಬಲಿಸಿದ ಗಂಡ ಲೋಕದಲ್ಲಿ ಇನ್ನೊಬ್ಬನಿರಲಾರ.

ಹೀಗಿರುವಾಗ ಒಂದು ದಿನ, ಸಿನಿಮಾದವರಿಗೆ ಬಟ್ಟೆ ಹೊಲಿಸುವ ಡ್ರೆಸ್ ಮೇಡಂ ಅಂಗಡಿಗೆ ಬಂದಿದ್ದರು. ಫ್ಯಾಶನ್ ಪ್ರಪಂಚದ ಕಥೆ, ಒಂದೊಂದು ತೋಳೂ ಏಳು ಮೀಟರ್ ಉದ್ದದ ಗೌನು ಬೇಕು, ತುಳಿದ ಕೂಡಲೇ ತೋಳು ಪರ್ರೆಂದು ಹರಿಯಬೇಕು, ಹೆಸರಿಗೆ ಒಂದು ಸಾಲು ಸಡಿಲ ಹೊಲಿಗೆ ಸಾಕು ಎಂದರು. ದರ್ಜಿ ಮನೆಗೆ ಬಂದು ಹೆಂಡತಿಗೂ ಹೇಳಿದ; ಹೂಂ ಎಂದಳು. ಆದರೆ ಮಷಿನ್ ಮುಂದೆ ಕೂತರೆ ಕೈ ಕೇಳಬೇಕಲ್ಲ? ಕಳಪೆ ಹೊಲಿಗೆ ಅದಕ್ಕೆ ಅಭ್ಯಾಸವಿಲ್ಲ. ಒಂದು ಸಾಲು ಹೊಲಿಯಿತು, ನಾಚಿಕೆಯಾಗಿ ಇನ್ನೊಂದು ಹೊಲಿಯಿತು, ಆಮೇಲೆ ಗಟ್ಟಿಯಾಗಿರಲೆಂದು ಒಳಗಿನಿಂದ ಪಟ್ಟಿಯನ್ನೂ ಕೊಟ್ಟುಬಿಟ್ಟಿತು. ಹರಿಯುವ ವಿಷಯ ಅವರೇ ನೋಡಿಕೊಳ್ಳುತ್ತಾರೆ ಎಂದು ಕೊಟ್ಟು ಕಳಿಸಿದ. ಇಷ್ಟು ದೊಡ್ಡ ಪರದೆಯ ಮೇಲೆ ಇಷ್ಟು ಚಂದದ ಗೌನು ನೋಡಿದರೆ ಇವಳ ಬಾಯಿಂದ ನಾಲ್ಕನೆಯ ಮಾತು ಬಂದೀತು ಎಂಬ ಒಂದೇ ಆಸೆಯಿಂದ ಇವತ್ತು ಮ್ಯಾಟಿನಿಗೆ ಕರೆತಂದಿದ್ದ.

ಅದು ಕಾಮಿಡಿ ಎಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

ತಲೆಗೆ ಬಕೆಟ್ ಕವಿಚಿಕೊಂಡ ಮಾಡೆಲ್ ಬಂದಾಗಲೂ ಅವನು ಗಂಭೀರವಾಗಿ ಬಕೆಟ್ಟಿನ ಒಳಪದರದ ಬಗ್ಗೆಯೇ ಯೋಚಿಸುತ್ತಿದ್ದ. ಕೊನೆಗೂ ಗೌನು ಬಂತು. ಬೆಳ್ಳಿಬಣ್ಣ, ನೆಲ ಗುಡಿಸುವ ತೋಳು. ಹಿಂದಿದ್ದವಳು ತೋಳನ್ನು ತುಳಿದಳು. ತೋಳು ಹರಿಯಲಿಲ್ಲ. ಗೌನಿನವಳು ಹಿಂದಕ್ಕೆ ಹಾರಿಬಿದ್ದಳು, ತುಳಿದವಳನ್ನೂ ಎಳೆದುಕೊಂಡು ಬಿದ್ದಳು, ತೋಳು ಕಂಬಕ್ಕೆ ಸುತ್ತಿಕೊಂಡಿತು, ಆಗಲೂ ಹರಿಯಲಿಲ್ಲ, ಕಂಬ ಬಿತ್ತು, ವೇದಿಕೆ ಬಿತ್ತು, ಮುಂದಿನ ಸಾಲಿನಲ್ಲಿ ಕೂತಿದ್ದ ಫ್ಯಾಶನ್ ಮಹಾಶಯನ ಟೋಪನ್ ಕೂದಲು ಹಾರಿ ಎಲ್ಲೋ ಹೋಯಿತು. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸೀಟಿನವನಂತೂ ದರ್ಜಿಯ ಬೆನ್ನಿಗೇ ಒದ್ದುಕೊಂಡು ನಗುತ್ತಿದ್ದ.

ದರ್ಜಿ ಸೀಟಿನೊಳಗೆ ಇಳಿದುಹೋದ. ಇದಕ್ಕಾ ಇವಳನ್ನು ಕರೆತಂದೆ ಎಂದುಕೊಳ್ಳುತ್ತಾ ಮೆಲ್ಲಗೆ ಪಕ್ಕಕ್ಕೆ ನೋಡಿದ. ಅವಳು ನಗುತ್ತಿರಲಿಲ್ಲ. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

“ಹರಿಯೋ ಹಾಗೆ ಹೊಲೀರಿ ಅಂದಿದ್ರಲ್ಲ,” ಎಂದಳು ನಿಧಾನವಾಗಿ. “ಅದೂ ಬರಲಿಲ್ವಾ ನಿಮಗೆ?”

ಅವನು ಸೀಟಿನಲ್ಲಿ ನೆಟ್ಟಗೆ ಎದ್ದು ಕೂತ.

“ಎಡಗೈ ಎರಡು ಬೆರಳು ಉದ್ದ. ಭುಜದ ಹತ್ರ ಸುಕ್ಕು. ಆ ಅಂಚು ನೋಡಿ, ಅಂಚಾ ಅದು? ಅವಳಾಗಿದ್ರೆ ಹೀಗೆ ಹೊಲೀತಿದ್ಲಾ?”

ಹದಿನಾಲ್ಕು ತಿಂಗಳಲ್ಲಿ ಅವಳು ಮಗಳ ಮಾತೆತ್ತಿದ್ದು ಅದೇ ಮೊದಲು. ಇಬ್ಬರೂ ಕಣ್ಣೊರೆಸಿಕೊಂಡರು. ಇವರಿಗೂ ನಕ್ಕೂ ನಕ್ಕೂ ನೀರು ಬಂದಿದೆ ಎಂದುಕೊಂಡ ಹಿಂದಿನ ಸೀಟಿನವನು ಇನ್ನಷ್ಟು ಖುಷಿಯಿಂದ ಒದ್ದ.

ಬಸ್ ಸ್ಟಾಪಿನವರೆಗೂ ಅವಳು ಬೈದಳು. ಕುತ್ತಿಗೆಯಿಂದ ಶುರುಮಾಡಿ ಪಟ್ಟಿಯವರೆಗೆ ಒಂದನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ, ಒಂದು ಮಾತೂ ಕಳೆದುಹೋಗದಂತೆ ಅವಳಿಗೆ ಅಂಟಿಕೊಂಡೇ ನಡೆದ.

“ಬಲಗೈ ಸರಿಯಾಗಿ ಕಾಣಲೇ ಇಲ್ಲ,” ಎಂದಳು ಬಸ್ ಹತ್ತುತ್ತಾ. “ಅದ್ರಲ್ಲಿ ಇನ್ನೇನು ಮಾಡಿಟ್ಟಿದೀರೋ. ಮುಂದಿನ ವಾರ ಮತ್ತೆ ಬಂದು ನೋಡೋಣ. ನನ್ನ ಕನ್ನಡಕ ಮರೀಬೇಡಿ.”

“ಆಯ್ತು,” ಎಂದ ದರ್ಜಿ.