ಕಾಲಯಾನಕ್ಕೆ ಸೀಟು ಬುಕ್ ಮಾಡಿದವರು

ಐದು ದೇಶಗಳಲ್ಲಿ ಸಂಸಾರ ಹೂಡಿ ಕಿತ್ತವಳು ನಾನು. ಹೋದಲ್ಲೆಲ್ಲ ನಗೆಪಾಟಲಿನ ಪ್ರಸಂಗಗಳು ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಿರುತ್ತವೆ. ಆದರೆ ಎಂದೂ ಹುಟ್ಟದ ಒಂದು ವೆಬ್‌ಸೈಟಿಗಾಗಿ ಕಾರು ಓಡಿಸಿಕೊಂಡು ಸುತ್ತಿದಾಗ ನಕ್ಕಷ್ಟು ಇನ್ನೆಲ್ಲೂ ನಕ್ಕಿಲ್ಲ.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ವಾಷಿಂಗ್ಟನ್ನಿನಲ್ಲಿ ವೆಬ್‌ಸೈಟ್ ಡಿಸೈನ್ ಕೋರ್ಸ್ ಸೇರಿದೆ. ಉಳಿದವರೆಲ್ಲ ನನ್ನ ಮಗಳ ಓರಗೆಯವರು. ಕೊನೆಯ ಪ್ರಾಜೆಕ್ಟ್: ಹಿಂದಿನ, ಮುಂದಿನ ಕಾಲಗಳಿಗೆ ಟಿಕೆಟ್ ಬುಕ್ ಮಾಡುವ ಕಾಲ್ಪನಿಕ ವೆಬ್‌ಸೈಟ್. "ಜನರ ಹತ್ತಿರ ಹೋಗಿ. ನೀವು ಊಹಿಸಿರದ ಒಂದು ಸಂಗತಿ ತನ್ನಿ. ತಂದವರು ಮಾತ್ರ ಕೆಲಸ ಕೊಡುವ ಕಂಪನಿಗಳ ಮುಂದೆ ನಿಂತು ಪ್ರಾಜೆಕ್ಟ್ ತೋರಿಸುತ್ತಾರೆ," ಎಂದರು ಟೀಚರಮ್ಮ. ಹದಿನೇಳು ವರ್ಷ ಖಾಲಿ ಬಿದ್ದ ರೆಸ್ಯೂಮೆ ನನ್ನದು. ಅಲ್ಲಿ ನಿಲ್ಲಲೇಬೇಕಿತ್ತು.

ಒಂದು ಕಟ್ಟುನಿಟ್ಟು ಬೇರೆ: ಪ್ರಶ್ನೆ ಕೇಳಿದ ಮೇಲೆ ಬಾಯಿ ಹಾಕಕೂಡದು, ಸಹಾಯ ಮಾಡಕೂಡದು, ಸುಮ್ಮನೆ ನೋಡಬೇಕು. ಈ ನಿಯಮ ಕೇಳಿದ ಮೇಲೆಯೇ ನಮ್ಮ ಯಜಮಾನರಿಗೆ ಕೋರ್ಸಿನ ಬಗ್ಗೆ ಗೌರವ ಹುಟ್ಟಿದ್ದು.

ಆಶ್‌ಬರ್ನ್: ಶನಿವಾರದ ಅಡಚಣೆ

ಮೊದಲು ಸಿಕ್ಕವರು ವಾಷಿಂಗ್ಟನ್ ಹತ್ತಿರದ ಈ ಊರಿನ ಒಬ್ಬ ಕನ್ನಡದ ನೆಟ್‌ವರ್ಕ್ ಇಂಜಿನಿಯರ್. ಅವರ ಮನೆಯಲ್ಲೇ ಕೂತು, ಯಾವ ಕಾಲಕ್ಕೆ ಹೋಗ್ತೀರಿ ಅಂದೆ. ಅವರು ಕಣ್ಣು ಮುಚ್ಚಿ, "ವಿಜಯನಗರ. ಹಂಪಿ ಬಜಾರ್‌ನಲ್ಲಿ ಒಂದು ವಾಕ್," ಅಂದರು.

ಅಡುಗೆಮನೆಯಿಂದ ಹೆಂಡತಿಯ ದನಿ. "ಯಾವಾಗ? ಸ್ಯಾಟರ್ಡೇ ಆಗಲ್ಲ, ಮಗಳ ಡ್ಯಾನ್ಸ್ ಕ್ಲಾಸ್ ಇದೆ."

"ಟೈಮ್ ಟ್ರಾವೆಲ್ ಕಣೇ. ಹೋದ ನಿಮಿಷಕ್ಕೇ ವಾಪಸ್ ಬರಬಹುದು."

"ಹಾಗಿದ್ರೆ ಅವಳನ್ನ ಡ್ರಾಪ್ ಮಾಡಿ ಹೋಗಿ."

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಮಗಳು: "ಡ್ಯಾಡ್, ಕ್ಯಾನ್ ವಿ ಜಸ್ಟ್ ಸ್ಕಿಪ್ ಟು ಸಂಡೇ?"

ಷಾರ್ಲೆಟ್: ವಕೀಲರ ಅಭಿಪ್ರಾಯ

ದಕ್ಷಿಣದ ಈ ಊರಿನಲ್ಲಿ ಸಿಕ್ಕಾತ ಬ್ಯಾಂಕೊಂದರ ಐಟಿಯವನು. ಹಂಪಿಗಿಂಪಿ ಏನೂ ಬೇಕಿರಲಿಲ್ಲ.

"ಹತ್ತು ವರ್ಷ ಹಿಂದಕ್ಕೆ ಮೇಡಂ. ಒಂದೇ ದಿನ ಸಾಕು."

"ಹೋಗಿ ಏನು ಮಾಡ್ತೀರಿ?"

"ಗ್ರೀನ್ ಕಾರ್ಡಿಗೆ ಆಗಲೇ ಅಪ್ಲೈ ಮಾಡಿ ಬಂದ್ಬಿಡ್ತೀನಿ. ಕ್ಯೂನಲ್ಲಿ ಮುಂದೆ ಇರ್ತೀನಲ್ಲ?"

ಆಮೇಲೆ ಮುಖ ಸಪ್ಪಗಾಯಿತು. "ವಾಪಸ್ ಬರುವಾಗ ವೀಸಾ ಸ್ಟ್ಯಾಂಪಿಂಗ್ ಬೇಕಾಗುತ್ತಾ?" ನಾನು ಬಾಯಿ ಬಿಡುವಂತಿಲ್ಲ. ಸುಮ್ಮನೆ ಕೂತೆ. ಅದನ್ನು ಆತ ಅಪಶಕುನ ಅಂದುಕೊಂಡ. ಮೂರನೇ ದಿನಕ್ಕೆ ಇಮೇಲ್ ಬಂತು: "ಮೇಡಂ, ನನ್ನ ಹೆಸರು ತೆಗೆದುಬಿಡಿ. ಅರ್ಜಿ ಪೆಂಡಿಂಗ್ ಇರುವಾಗ ಯಾವ ಶತಮಾನಕ್ಕೂ ಟ್ರಾವೆಲ್ ಮಾಡಬೇಡಿ ಅಂತ ಲಾಯರ್ ಹೇಳಿದ್ದಾರೆ."

ಕಮ್ಮಿಂಗ್: ಲಗ್ನದ ಹಿಂದಿನ ತಿಂಗಳು

ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ಗೆ ಹೋಗುವ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ವೆಬ್‌ಸೈಟಿನ ಕಚ್ಚಾ ಪುಟಗಳು ತಯಾರಿದ್ದವು. ಅಲ್ಲಿದ್ದವರು ಧಾರವಾಡದ ಕಡೆಯ ಡಾಕ್ಟರ್ ದಂಪತಿ, ಇಬ್ಬರೂ ರಿಟೈರ್ಡ್. ಒಪ್ಪಿಗೆ ಪಡೆದು ಕ್ಯಾಮೆರಾ ಇಟ್ಟೆ. "ಆಂಟಿ, ನಿಮಗೆ ಬೇಕಾದ ತಾರೀಖಿಗೆ ಟಿಕೆಟ್ ಬುಕ್ ಮಾಡಿ," ಅಂದು ಹಿಂದೆ ಸರಿದೆ.

ಆಂಟಿ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಹೋಗುವ ಬಾಣ ಒತ್ತಿದರು. ಒಂದು ತಿಂಗಳು ಹಿಂದೆ ಹೋಯಿತು. ಮತ್ತೆ ಒತ್ತಿದರು, ಇನ್ನೊಂದು ತಿಂಗಳು. ಆಗ ನನ್ನ ತಪ್ಪು ಕಂಡಿತು. ವರ್ಷ ಹಾರುವ ಗುಂಡಿ ಇಡುವುದನ್ನೇ ಮರೆತಿದ್ದೆ!

ಆಂಟಿಗೆ ಬೇಜಾರೇ ಇಲ್ಲ. ಟಿಕ್, ಟಿಕ್. "ಇಲ್ಲೆ ನನ್ನ ಮೊಣಕಾಲ ಆಪರೇಷನ್... ಇಲ್ಲೆ ಈ ಮನಿ ಕಟ್ಟಿಸಿದ್ವಿ... ಇಲ್ಲೆ ನಮ್ಮಿಬ್ಬರದೂ ಅಮೆರಿಕಾದ ಡಾಕ್ಟರಿ ಬೋರ್ಡ್ ಎಕ್ಸಾಮ್. ನನಗ ಹೆಚ್ಚು ಮಾರ್ಕ್ಸ್ ಬಂದಿದ್ವು."

"ಆ ತಿಂಗಳು ಲಗೂನ ದಾಟು," ಅಂದರು ಅಂಕಲ್, ಪೇಪರಿನ ಹಿಂದಿನಿಂದ.

ಐನೂರಕ್ಕೂ ಹೆಚ್ಚು ಸಲ ಒತ್ತಿದರು. ಮಧ್ಯೆ ಎರಡು ಸಲ ಚಹಾ ಆಯಿತು. ಸಹಾಯ ಮಾಡಕೂಡದಲ್ಲ, ನಾನು ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದೆ. ಕೊನೆಗೆ ಅಂಕಲ್ ಪೇಪರ್ ಇಳಿಸಿದರು.

"ಏ, ನಿಂದ್ರು. ಇದು ನಮ್ಮ ಲಗ್ನದ ತಿಂಗಳು."

"ಗೊತ್ತದರಿ."

ಟಿಕ್. ಇನ್ನೊಂದು ತಿಂಗಳು ಹಿಂದೆ.

ಆಂಟಿ ಕೈ ಕಟ್ಟಿ ಕುರ್ಚಿಗೆ ಒರಗಿದರು. "ಲಗ್ನದ ಹಿಂದಿನ ತಿಂಗಳು. ಈಗ ಆರಾಮ ಕೂತು ವಿಚಾರ ಮಾಡ್ತೀನಿ."

ಅಂಕಲ್ ಎದ್ದು ಬಂದವರೇ, ಹೆಂಡತಿಯ ಭುಜದ ಮೇಲಿಂದ ಕೈ ಚಾಚಿ 'ಇಂದು' ಎಂಬ ಗುಂಡಿ ಒತ್ತಿಬಿಟ್ಟರು. ನಲವತ್ತನಾಲ್ಕು ವರ್ಷ ಒಂದೇ ಏಟಿಗೆ ಮುಂದೆ!

ಆಂಟಿ ನನ್ನ ಕಡೆ ತಿರುಗಿದರು. "ನೋಡಿದೇನವಾ? ಇನ್ನೂ ಟಿಕೆಟ್ ಸೈತ ತಗೊಂಡಿಲ್ಲ, ಎಳ್ಕೊಂಡ ಬಂದ್ರು."

ಮರಳುವ ದಾರಿಯಲ್ಲಿ ನಗು ತಡೆಯಲಾರದೆ ಕಾರು ಪಕ್ಕಕ್ಕೆ ಹಾಕಿದೆ. ಆಗಲೇ ಹೊಳೆದದ್ದು: ಅಡುಗೆಮನೆಯ ದನಿ, ವಕೀಲರು, ಅಂಕಲ್ ಕೈ. ಯಾರೂ ಒಬ್ಬರೇ ಪಯಣ ನಿರ್ಧರಿಸುವುದಿಲ್ಲ! ವೆಬ್‌ಸೈಟಿಗೆ ಹೊಸ ಪುಟ ಸೇರಿಸಿದೆ. ಹೋಗುವವರು ಬುಕ್ ಮಾಡಿದ ಮೇಲೆ, ಕಳಿಸಿಕೊಡುವವರೂ ಒಪ್ಪಿ ಒಂದು ಗುಂಡಿ ಒತ್ತಬೇಕು. ಕ್ಲಾಸಿನಲ್ಲಿ ಉಳಿದವರೆಲ್ಲ ಡೈನೋಸಾರ್ ನೋಡುವ ಆಸೆಗಳನ್ನೇ ತಂದಿದ್ದರು. ಟೀಚರಮ್ಮ ಅಂಕಲ್ ಕೈ ಬರುವ ದೃಶ್ಯವನ್ನು ಮೂರು ಸಲ ಹಾಕಿಸಿ ನೋಡಿದರು. ಕಂಪನಿಗಳ ಮುಂದೆ ನಿಂತೆ, ಕೆಲಸ ಸಿಕ್ಕಿತು. ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ದಿನ ಕನ್ನಡಿ ಮುಂದೆ ಎರಡು ಸಲ ನಿಂತೆ, ಸುಳ್ಳೇಕೆ ಹೇಳಲಿ.

ಸುದ್ದಿ ಹೇಳಲು ಮೊದಲು ಆಂಟಿಗೇ ಫೋನ್ ಮಾಡಿದೆ.

"ಭಾಳ ಚಲೋ ಆತವಾ! ಹೆಮ್ಮೆ ಅನಸ್ತದ ನೋಡು," ಅಂದವರು ದನಿ ತಗ್ಗಿಸಿದರು. "ಅದಿರ್ಲಿ, ನಿನ್ನ ಆ ಕ್ಯಾಲೆಂಡರ್ ಇನ್ನೂ ಅದ ಇಲ್ಲೋ? ಲಗೂನ ಲಿಂಕ್ ಕಳಸು. ಇವತ್ತ ಅಂಕಲ್ ಗಾಲ್ಫಿಗೆ ಹೋಗ್ಯಾರ."