ಕಿವಿ ಮುಚ್ಚುವ ಮಕ್ಕಳಿಗೆ ಡೊಳ್ಳಿನ ಸ್ವಾಗತ

ಅತಿಥಿ ಸತ್ಕಾರದಲ್ಲಿ ಇಡೀ ಮಕ್ತಲ್ ಊರೇ ನನ್ನ ಮುಂದೆ ಸಪ್ಪೆ. ಇದು ನನ್ನ ಸ್ವಂತ ಅಭಿಪ್ರಾಯ. ನನ್ನ ಹೆಂಡತಿ ನೀಲಮ್ಮ ಇನ್ನೂ ಒಪ್ಪಿಲ್ಲ.

ನಮ್ಮ ಮಗಳು ಗಂಗಿಗೆ ಆಟಿಸಂ ಇದೆಯೆಂದು ತಿಳಿದೇ ದತ್ತು ತಂದೆವು. ಅವಳಿಗೆ ಮಾತಿಲ್ಲ, ಕುಕ್ಕರ್ ಸೀಟಿ ಹೊಡೆದರೂ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಓಣಿಯ ಹೆಂಗಸರು ಬರುವುದು ನಿಂತಿತು. ಪುಕ್ಕಟೆ ಸಲಹೆ ಮಾತ್ರ ನಿಲ್ಲಲಿಲ್ಲ.

"ನನ್ನಂಗ ಇರೋ ಒಬ್ಬಾಕಿ ತಾಯಿ ಕೂಡ ಮಾತಾಡಬೇಕ್ರಿ. ಇಲ್ಲಂದ್ರ ನನಗ ಹುಚ್ಚು ಹಿಡಿತೈತಿ," ಎಂದಳು ನೀಲಮ್ಮ.

ಅಲ್ಲಿ ಇಲ್ಲಿ ವಿಚಾರಿಸಿ, ಇಂಥ ಮಕ್ಕಳನ್ನೇ ದತ್ತು ಪಡೆದ ಎರಡು ಕುಟುಂಬಗಳನ್ನು ಪತ್ತೆ ಹಚ್ಚಿದೆ. ಒಂದು ನಾರಾಯಣಪೇಟೆಯದು, ಒಂದು ಗದ್ವಾಲದ್ದು. ಭಾನುವಾರ ಬರುತ್ತೇವೆಂದರು.

"ಚಾ, ಮಂಡಕ್ಕಿ ಒಗ್ಗರಣಿ ಸಾಕ್ರಿ. ಬ್ಯಾರೆ ಏನೂ ಮಾಡಾಕ ಹೋಗಬ್ಯಾಡ್ರಿ!" ಎಂದಳು ನೀಲಮ್ಮ.

ಆದರೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ನಾವು ಬೀರಪ್ಪ ದೇವರ ಒಕ್ಕಲು. ಡೊಳ್ಳಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯ ಶುರುವಾಗಿದೆ? ಸೋದರಮಾವನಿಗೆ ಫೋನ್ ಮಾಡಿ, "ಒಂದೇ ಡೊಳ್ಳು ಮಾವ, ಮೆಲ್ಲಕ," ಎಂದೆ.

ಮಾವ ಇಡೀ ಮೇಳವನ್ನೇ ಕರೆತಂದ!

"ಒಂದ್ ಡೊಳ್ಳು ಬಾರಿಸಿದ್ರ ಮಂದಿ ನಗ್ತಾರ ಅಳಿಯಾ!"

ಅತಿಥಿಗಳು ಆಟೋ ಇಳಿದರು. ಡೊಳ್ಳು ಗುಡುಗಿದವು. ನಾರಾಯಣಪೇಟೆಯ ಹುಡುಗ ಬಂದ ಆಟೋಗೇ ವಾಪಸು ಹತ್ತಿದ. ಗಂಗಿ ಮಂಚದಡಿ ಸೇರಿದಳು. "ಬಂದ್ ಮಾಡ್ರೋ!" ಎಂದು ನಾನು ಕೂಗಿದ್ದು ಡೊಳ್ಳಿಗಿಂತ ಜೋರಾಗಿತ್ತು. ಡೊಳ್ಳು ನಿಂತವು, ಆದರೆ ಅದುವರೆಗೂ ಸುಮ್ಮನಿದ್ದ ಗದ್ವಾಲದ ಕೂಸೂ ಚೀರಿ ಮಂಚದಡಿ ನುಗ್ಗಿತು!

ಮುಗಿಯಿತು, ಇನ್ನು ಇವರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡೆ. ನೀಲಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

ಗದ್ವಾಲದ ತಾಯಿ ಮಂಚದ ಪಕ್ಕ ನೆಲದ ಮೇಲೆಯೇ ಕೂತಳು. "ಎಲ್ಲಿ ಹೋದ್ರೂ ನಮ್ ಕೂಸಿಂದೇ ಗದ್ದಲ ಅಂತಾರವ್ವ. ಇಲ್ಲಿ ನಿಮ್ ಯಜಮಾನ್ರದ್ದೇ ಜಾಸ್ತಿ ಐತಿ!"

ನೀಲಮ್ಮ ಬಿದ್ದು ಬಿದ್ದು ನಕ್ಕಳು. ಆ ನಗೆ ಕೇಳಿ ಎಷ್ಟು ಕಾಲವಾಗಿತ್ತೋ! ನನ್ನ ಕಣ್ಣು ತುಂಬಿದವು. ಮಾವನ ಮೇಳವನ್ನು ಸಾಗಹಾಕಿದೆ. ಆಟೋ ಹತ್ತಿ ಕೂತಿದ್ದ ನಾರಾಯಣಪೇಟೆಯ ಹುಡುಗನೂ ನಿಧಾನಕ್ಕೆ ಒಳಗೆ ಬಂದ. ಹೆಂಗಸರ ಮಾತು ಶುರುವಾಯಿತು, ಮುಗಿಯಲೇ ಇಲ್ಲ.

ಸುಮ್ಮನಿರಲಾರದೆ ಒಳಗೆ ಇಣುಕಿ, "ಇನ್ನೊಂದ್ ರೌಂಡ್ ಚಾ ತರ್ಲೇನ್ರೀ?" ಎಂದೆ.

ಗಂಗಿ ಮಂಚದಡಿಯಿಂದ ತೆವಳಿ ಎದ್ದು ನೆಟ್ಟಗೆ ನನ್ನ ಹತ್ತಿರ ಬಂದಳು. ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಎರಡೂ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು!

ಈಗ ತಿಂಗಳಿಗೊಮ್ಮೆ ಈ ತಾಯಂದಿರ ಸಭೆ ನಮ್ಮ ಮನೆಯಲ್ಲೇ. ಸತ್ಕಾರದ ಹೊಣೆ ಇಂದಿಗೂ ನನ್ನದೇ: ಹೊರಗೆ ಬೇವಿನ ಮರದ ಕೆಳಗೆ ಬಾಯಿ ಮುಚ್ಚಿಕೊಂಡು ಕೂರುವುದು.